ಜಗಲಿಯ ಧರ್ಮೋಪದೇಶ

ಮಕ್ಕಳಿಗೆ ಕಲಿಸಲೆಂದು ಹೊರಟ ಗುರುವೊಬ್ಬ ತಾನೇ ಪಾಠ ಕಲಿತು ಮರಳಿದನೆಂದರೆ, ‘ಇದೇನು ಹೊಸ ಸಂಗತಿಯೇ?’ ಎಂದು ನೀವು ಕೇಳಬಹುದು. ಆದರೆ ನಾನು ಕಲಿತದ್ದು ಸವಿಯಾದ ಪಾಠವಾಗಿರಲಿಲ್ಲ. ಅದನ್ನು ಬರೆಯಲು ಇಷ್ಟು ತಡವಾದದ್ದಕ್ಕೆ ಅದೇ ಕಾರಣ.

2024ರ ಜುಲೈ ತಿಂಗಳ ಕೊನೆಯಲ್ಲಿ, ಜಪಾನಿನ ಶಾಲೆಗಳಿಗೆ ಬೇಸಿಗೆ ರಜೆಯಿದ್ದಾಗ, ನಾಗಸಾಕಿಯ ಒಂದು ಧರ್ಮಕೇಂದ್ರದಲ್ಲಿ ಹತ್ತು ದಿನಗಳ ಮಕ್ಕಳ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಇಪ್ಪತ್ತಮೂರು ಮಕ್ಕಳು, ಎಂಟರಿಂದ ಹನ್ನೆರಡರ ಪ್ರಾಯದವರು. ನನಗೆ ಜಪಾನಿ ಭಾಷೆಯ ಗಂಧವೂ ಇಲ್ಲ. ಅಲ್ಲಿ ಬಹುಕಾಲದಿಂದ ಸೇವೆ ಸಲ್ಲಿಸುತ್ತಿರುವ ಕೇರಳದ ಕನ್ಯಾಸ್ತ್ರೀಯೊಬ್ಬರು ನನ್ನ ಮಾತನ್ನು ಭಾಷಾಂತರಿಸುತ್ತಿದ್ದರು. ನನ್ನ ಐದು ನಿಮಿಷದ ವಿವರಣೆ ಅವರ ಬಾಯಲ್ಲಿ ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಜಪಾನಿ ಭಾಷೆ ಅಷ್ಟು ಚಿಕ್ಕದೋ, ನನ್ನ ಉಪದೇಶ ಅಷ್ಟು ಉದ್ದವೋ, ಕೇಳುವ ಧೈರ್ಯ ಬರಲಿಲ್ಲ.

ಸಂತ ಗೊನ್ಸಾಲೊ ಗಾರ್ಸಿಯಾರ ಕಥೆ ಹೇಳಲು ನಾನು ಸಿದ್ಧವಾಗಿ ಹೋಗಿದ್ದೆ. ಮುಂಬಯಿಯ ಬಳಿಯ ವಸಾಯಿಯಲ್ಲಿ, ಕೊಂಕಣದ ತಾಯಿಯ ಮಡಿಲಲ್ಲಿ ಹುಟ್ಟಿದ ಇವರು ಜಪಾನಿ ಭಾಷೆಯನ್ನು ಚೆನ್ನಾಗಿ ಕಲಿತು, 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ ಶಿಲುಬೆಗೇರಿದ 26 ರಕ್ತಸಾಕ್ಷಿಗಳಲ್ಲಿ ಒಬ್ಬರಾದರು. ಮಕ್ಕಳಿಗೆ ಇದೆಲ್ಲ ತಿಳಿದೇ ಇತ್ತು. ಮರುದಿನ ಅವರೇ ನನ್ನನ್ನು ಆ ಗುಡ್ಡಕ್ಕೆ ಕರೆದೊಯ್ದರು. ಅಲ್ಲಿ ಇಪ್ಪತ್ತಾರು ಮಂದಿಯ ಕಂಚಿನ ಪ್ರತಿಮೆಗಳು ಸಾಲಾಗಿ ನಿಂತಿವೆ. ಅವರಲ್ಲಿ ಲೂಯಿ ಇಬಾರಾಕಿ ಎಂಬ ಬಾಲಕನಿಗೆ ಆಗ ಹನ್ನೆರಡು ವರ್ಷ. ನಮ್ಮ ಶಿಬಿರದ ಹುಡುಗನೊಬ್ಬ ಆ ಪ್ರತಿಮೆಯ ಕೆಳಗೆ ನಿಂತು, ಬೆರಳು ಮಡಚಿ ತನ್ನ ವಯಸ್ಸನ್ನು ತೋರಿಸಿದ. ಹನ್ನೆರಡು. ನಾನು ತಂದಿದ್ದ ಬಣ್ಣದ ಚಿತ್ರಪಟಗಳನ್ನು ಆಮೇಲೆ ಚೀಲದಿಂದ ತೆಗೆಯಲಿಲ್ಲ.

ನಾಲ್ಕನೆಯ ದಿನ ಬಾಲಕಿಯೊಬ್ಬಳು ತನ್ನ ಅಜ್ಜಿಯನ್ನು ಕರೆತಂದಳು. ಆಕೆಯ ಪೂರ್ವಜರು ‘ಅಡಗಿದ ಕ್ರೈಸ್ತರು’. ಇವರ ವೃತ್ತಾಂತ ನಿಮಗೆ ಸ್ವಲ್ಪ ತಿಳಿದಿರಬೇಕು. 1614ರಲ್ಲಿ ಜಪಾನಿನ ಆಡಳಿತವು ದೇಶದಾದ್ಯಂತ ಕ್ರೈಸ್ತಧರ್ಮವನ್ನು ನಿಷೇಧಿಸಿತು. 1644ರಲ್ಲಿ ಕೊನೆಯ ಗುರುವೂ ರಕ್ತಸಾಕ್ಷಿಯಾದ ಮೇಲೆ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಅಲ್ಲಿ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಊರಿನಲ್ಲಿ ಒಬ್ಬನು ಹಬ್ಬ ಉಪವಾಸಗಳ ಪಂಚಾಂಗ ನೋಡಿಕೊಳ್ಳುತ್ತಿದ್ದ. ಇನ್ನೊಬ್ಬನು ಶಿಶುಗಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದ. ಅಧಿಕಾರಿಗಳ ಮುಂದೆ ಪ್ರಭುವಿನ ಅಥವಾ ಮಾತೆಯ ಚಿತ್ರವನ್ನು ಕಾಲಿನಿಂದ ತುಳಿಯಬೇಕಿತ್ತು. ತುಳಿದು ಮನೆಗೆ ಬಂದವರು ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಜಪ ಹೇಳುತ್ತಿದ್ದರು. ಆ ಜಪವನ್ನು ಮಕ್ಕಳಿಗೆ ಕಲಿಸಿದವರು ಯಾವ ಗುರುಗಳೂ ಅಲ್ಲ, ಹೆತ್ತವರು.

ಆ ಅಜ್ಜಿ ತನ್ನ ತಾತ ಹೇಳುತ್ತಿದ್ದ ಹಳೆಯ ಜಪವನ್ನು ಮೆಲ್ಲನೆ ಹೇಳತೊಡಗಿದರು. ಅರ್ಥ ತನಗೂ ಪೂರ್ತಿ ತಿಳಿಯದೆಂದು ನಕ್ಕರು. ನನಗಂತೂ ಒಂದಕ್ಷರವೂ ತಿಳಿಯಲಿಲ್ಲ. ಆದರೆ ನಡುವೆ ಒಂದು ಮಾತು ಕಿವಿಗೆ ಬಿತ್ತು: ‘ಸುಪಿರಿತ್ಸು ಸಾಂತೊ’. ನಾನು ಕುಳಿತಲ್ಲೇ ಬೆವತೆ.

ಆ ಮಾತನ್ನು ನಾನು ಮೊದಲೇ ಕೇಳಿದ್ದೆ. 2001ರಲ್ಲಿ ಮೈಸೂರು ಸೀಮೆಯ ಒಂದು ಸಣ್ಣ ಉಪಕೇಂದ್ರ ನನ್ನ ಹೊಣೆಯಲ್ಲಿತ್ತು. ಅಲ್ಲೊಬ್ಬ ಅಜ್ಜಿ ಸಂಜೆ ತಮ್ಮ ಮನೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಜಪ ಹೇಳಿಸುತ್ತಿದ್ದರು. ‘ಪಿತ, ಸುತ, ಇಸ್ಪಿರಿತು ಸಾಂತು’ ಎಂಬ ಹಳೆಯ ಪಾಠ. ಪದಗಳು ಸವೆದಿದ್ದವು, ಕೆಲವು ಸಾಲುಗಳು ಅದಲುಬದಲಾಗಿದ್ದವು. ಗುರುಮಠದಿಂದ ಹೊರಬಂದು ಹೆಚ್ಚು ಕಾಲವಾಗಿರದ ನನಗೆ ಅದು ಸಹಿಸಲಿಲ್ಲ. “ಅಜ್ಜಿ, ನೀವು ಹೇಳಿಕೊಡುವುದರಲ್ಲಿ ತಪ್ಪುಗಳಿವೆ. ಇನ್ನು ಸಿಸ್ಟರ್ ಬಂದು ಪುಸ್ತಕದಂತೆ ಕಲಿಸುತ್ತಾರೆ, ನೀವು ವಿಶ್ರಾಂತಿ ತೆಗೆದುಕೊಳ್ಳಿ” ಎಂದೆ. ಮಕ್ಕಳೆಲ್ಲ ಅಲ್ಲೇ ಇದ್ದರು. “ಆಗ್ಲಿ ಸ್ವಾಮಿ. ನಮ್ಮವ್ವ ನಂಗೆ ಹೇಳ್ಕೊಟ್ಟಿದ್ದು ಅಷ್ಟೇಯ” ಎಂದರು. ಮುಂದಿನ ವಾರ ಜಗಲಿ ಖಾಲಿಯಾಗಿತ್ತು. ಅದನ್ನು ನಾನು ಸುಧಾರಣೆಯೆಂದೇ ತಿಳಿದಿದ್ದೆ.

ಆ ರಾತ್ರಿ ನನ್ನ ಪರವಾಗಿ ನಾನೇ ವಾದಿಸಿಕೊಂಡೆ. ವಿಶ್ವಾಸದ ಮಾತುಗಳು ಸರಿಯಾಗಿರಬೇಡವೇ? ದೀಕ್ಷಾಸ್ನಾನದ ಪದಗಳು ಕೆಟ್ಟರೆ ಸಂಸ್ಕಾರಕ್ಕೇ ಸಂದೇಹ ಬರುತ್ತದಲ್ಲವೇ? ನಿಜ, ಅದನ್ನು ಇಂದಿಗೂ ಬಿಟ್ಟುಕೊಡಲಾರೆ. ಆದರೆ ಮರುದಿನ ಓವುರಾ ದೇವಾಲಯಕ್ಕೆ ಹೋದಾಗ ಆ ವಾದ ನಿಲ್ಲಲಿಲ್ಲ.

1865ರ ಮಾರ್ಚ್ 17ರಂದು ಅಲ್ಲಿ ಫ್ರಾನ್ಸಿನ ಗುರು ಬೆರ್ನಾರ್ ಪೆತಿಜಾನ್ ಪ್ರಾರ್ಥಿಸುತ್ತಿದ್ದಾಗ, ಉರಾಕಾಮಿ ಹಳ್ಳಿಯ ಹದಿನೈದರಷ್ಟು ಜನ ಒಳಬಂದರು. ಒಬ್ಬ ಹೆಂಗಸು ಎದೆಯ ಮೇಲೆ ಕೈಯಿಟ್ಟು, ತಮ್ಮೆಲ್ಲರ ಹೃದಯವೂ ನಿಮ್ಮದರಂತೆಯೇ ಎಂದು ಪಿಸುಗುಟ್ಟಿ, ಸಾಂತಾ ಮಾರಿಯಾಳ ಪ್ರತಿಮೆ ಎಲ್ಲಿದೆಯೆಂದು ವಿಚಾರಿಸಿದಳು. ತಾವು ದುಃಖದ ಕಾಲವನ್ನು ಆಚರಿಸುತ್ತಿದ್ದೇವೆ, ನೀವೂ ಆಚರಿಸುತ್ತೀರಾ ಎಂದೂ ಅವರು ಕೇಳಿದರು. ಅದು ತಪಸ್ಸುಕಾಲವೇ ಆಗಿತ್ತು! ಮುಂದೆ ಜಪಾನಿನಲ್ಲಿ ಧರ್ಮೋಪದೇಶದ ಪುಸ್ತಕ ಮಾಡಿಸಿದಾಗ, ಚೀನಾದಿಂದ ಬಂದ ಪಂಡಿತ ಪದಗಳನ್ನು ಬದಿಗಿಟ್ಟು, ಈ ರೈತರು ಬಾಯಿಂದ ಬಾಯಿಗೆ ಉಳಿಸಿಕೊಂಡಿದ್ದ ಹಳೆಯ ಪದಗಳನ್ನೇ ಪೆತಿಜಾನರು ಆರಿಸಿಕೊಂಡರು. ತಪ್ಪುಗಳನ್ನು ತಿದ್ದಲಿಲ್ಲವೆಂದಲ್ಲ. ಮೊದಲು ಕೇಳಿಸಿಕೊಂಡರು.

ಶಿಬಿರದ ಕೊನೆಯ ದಿನ ಆಗಸ್ಟ್ 9. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಊರಿಗೆ ಊರೇ ಸೈರನ್ ಮೊಳಗಿತು. 1945ರಲ್ಲಿ ಅಣುಬಾಂಬು ಸಿಡಿದ ಗಳಿಗೆ ಅದು. ಉರಾಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಮಂದಿ ಅಂದು ಅಳಿದರು. ಮಕ್ಕಳು ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತರು. ಯಾರೂ ಹೇಳಬೇಕಾಗಲಿಲ್ಲ. ನಾನೂ ಎದ್ದು ನಿಂತೆ.

ಊರಿಗೆ ಮರಳಿದ ಮೇಲೆ ಆ ಉಪಕೇಂದ್ರಕ್ಕೆ ಹೋದೆ. ಅಜ್ಜಿ ತೀರಿಕೊಂಡು ವರ್ಷಗಳೇ ಕಳೆದಿವೆ. ಜಗಲಿಗೆ ಈಗ ಟೈಲ್ಸ್ ಹಾಕಿಸಿದ್ದಾರೆ. ಸೊಸೆ ಕಾಫಿ ತಂದುಕೊಟ್ಟರು. ಸಂಜೆ ಮನೆಯಲ್ಲಿ ಮಕ್ಕಳಿಗೆ ಜಪ ಹೇಳಿಕೊಡುತ್ತೀರಾ ಎಂದು ಕೇಳಿದೆ.

“ಅದೆಲ್ಲ ಚರ್ಚಿನಲ್ಲಿ ಸಿಸ್ಟರ್ ಕಲಿಸ್ತಾರಲ್ಲ ಸ್ವಾಮಿ. ನಮ್ಮಂಥೋರು ಹೇಳ್ಕೊಟ್ರೆ ತಪ್ಪಾಯ್ತದಂತೆ. ಅತ್ತೆ ಯಾವಾಗ್ಲೂ ಅಂತಿದ್ರು.”

ಆ ಮಾತನ್ನು ಅತ್ತೆಗೆ ಯಾರು ಹೇಳಿದ್ದರೆಂಬುದು ಆಕೆಗೆ ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟು, ನಾನೇ ಎಂದು ಹೇಳಿದೆ.