ಜಾಡಿನ ಕಾರುಗಳ ಶುಶ್ರೂಷೆ

ಕರಿಘಟ್ಟದ ತಪ್ಪಲಿನ ನಮ್ಮ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲ ಬಂದಿತೆಂದರೆ, ಪಾಂಡವಪುರದ ಸಕ್ಕರೆ ಕಾರ್ಖಾನೆಯ ಕಡೆಗೆ ಜಲ್ಲೆಯ ಹೊರೆ ಹೊತ್ತ ಟ್ರಾಕ್ಟರುಗಳು ಸಾಲುಗಟ್ಟುವುದೂ, ಊರಂಚಿನ ಆಲೆಮನೆಗಳ ಒಲೆಗಳಲ್ಲಿ ಕಬ್ಬಿನ ಸಿಪ್ಪೆ ಧಗಧಗಿಸಿ ಅದರ ಕರಿ ಗಾಳಿಯಲ್ಲಿ ತೇಲಿ ಬಂದು ಜಗಲಿಯ ಮೇಲೂ ಒಣಹಾಕಿದ ಪಂಚೆಯ ಮೇಲೂ ಕೂರುವುದೂ ಒಟ್ಟಿಗೇ ಮೊದಲಾಗುತ್ತವೆ. ಸುಗ್ಗಿಯ ಈ ಕುರುಹನ್ನು ಕಂಡು ಬೇಸಾಯಗಾರರ ಮನೆತನದಲ್ಲಿ ಹುಟ್ಟಿದ ನಾನು ಹರ್ಷಿಸಬೇಕಾದುದು ನ್ಯಾಯ. ಆದರೆ ಆ ಕರಿ ನನ್ನ ಹಿಂಬದಿಯ ಕೋಣೆಯ ಮೇಜಿನ ಮೇಲೆ ಹಾಸಿರುವ ಪುಟ್ಟ ಹಾದಿಯ ಮೇಲೂ ಇಳಿದಿರಬಹುದಲ್ಲಾ ಎಂಬ ವ್ಯಥೆಯೇ ಮನಸ್ಸಿನಲ್ಲಿ ಮೊದಲು ಹುಟ್ಟುತ್ತದೆ. ವಿದ್ಯುತ್ತಿನ ಬಲದಿಂದ ಜಾಡು ಹಿಡಿದು ಓಡುವ, ಗೇಣಿಗಿಂತ ಕಿರಿದಾದ ಪಂದ್ಯದ ಕಾರುಗಳಿಗೆ ಧೂಳಿಗಿಂತ ದೊಡ್ಡ ವೈರಿ ಬೇರೊಂದಿಲ್ಲ.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು. ಒಂದಕ್ಕೊಂದು ಸಿಕ್ಕಿಸಬಹುದಾದ ಪ್ಲಾಸ್ಟಿಕ್ಕಿನ ತುಂಡುಗಳಿಂದ ರಸ್ತೆ ಸಿದ್ಧವಾಗುತ್ತದೆ. ಆ ರಸ್ತೆಯ ಮೈಯಲ್ಲಿ ಎರಡು ಸಮಾನಾಂತರ ಸೀಳುಗಳು, ಪ್ರತಿ ಸೀಳಿನ ಎರಡು ಅಂಚಿಗೂ ಒಂದೊಂದು ಲೋಹದ ಪಟ್ಟಿ. ಕಾರಿನ ಮೂತಿಯ ಕೆಳಗಿರುವ ಸಣ್ಣ ಅಲಗು ಸೀಳಿನೊಳಗೆ ಇಳಿದಿರಲು, ಅದರ ಇಕ್ಕೆಲದ ತಾಮ್ರದ ಹೆಣಿಗೆಯ ಕುಂಚಗಳು ಪಟ್ಟಿಗಳನ್ನು ಸವರುತ್ತ ಪ್ರವಾಹವನ್ನು ಮೋಟಾರಿಗೆ ಮುಟ್ಟಿಸುತ್ತವೆ. ಆಟಗಾರನ ಕೈಯಲ್ಲಿರುವುದು ಒಂದು ಹಿಡಿ. ಅದರ ಗುಂಡಿಯನ್ನು ಒತ್ತಿದಷ್ಟೂ ಕಾರು ವೇಗಗೊಳ್ಳುತ್ತದೆ, ಬಿಟ್ಟರೆ ನಿಧಾನಿಸುತ್ತದೆ. ಸ್ಟೀರಿಂಗ್ ಎಂಬುದಿಲ್ಲ, ಮಣ್ಣುಹಾದಿಯ ಹಳೆಯ ಜಾಡಿಗೆ ಬಿದ್ದ ಎತ್ತಿನ ಗಾಡಿ, ಗಾಡಿಯವನು ತೂಕಡಿಸಿದರೂ ಊರು ಸೇರುವಂತೆ, ದಿಕ್ಕಿನ ಚಿಂತೆಯನ್ನು ಜಾಡೇ ಹೊತ್ತುಕೊಳ್ಳುತ್ತದೆ. ಮನುಷ್ಯನಿಗೆ ಉಳಿಯುವುದು ವೇಗದ ವಿವೇಕವೊಂದೇ.

ಇದರ ವಂಶಾವಳಿ ಹಳೆಯದು. ಅಮೆರಿಕದಲ್ಲಿ ಆಟದ ರೈಲುಗಳನ್ನು ಮಾಡುತ್ತಿದ್ದ ಲಯೊನೆಲ್ ಕಂಪನಿಯವರು 1912ರಷ್ಟು ಹಿಂದೆಯೇ ವಿದ್ಯುತ್ತಿನಿಂದ ಓಡುವ ಪಂದ್ಯದ ಕಾರುಗಳನ್ನು ಮಾರಿದ್ದರು. ಆದರೆ ಇದು ಮನೆಮನೆಯ ಆಟವಾದದ್ದು ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬಾತನಿಂದ. 1952ರಿಂದ ಕೀಲಿ ಕೊಟ್ಟು ಓಡಿಸುವ ತಗಡಿನ ಕಾರುಗಳನ್ನು ಸ್ಕೇಲೆಕ್ಸ್ ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದ ಈತ, ಅವುಗಳ ಬೇಡಿಕೆ ತಗ್ಗುತ್ತಿದ್ದುದನ್ನು ಕಂಡು, ಒಳಗೆ ವಿದ್ಯುತ್ ಮೋಟಾರನ್ನಿಟ್ಟು, 1957ರಲ್ಲಿ ಹ್ಯಾರೊಗೇಟ್ ನಗರದ ಆಟಿಕೆಗಳ ಪ್ರದರ್ಶನದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೊಸ ಅವತಾರವನ್ನು ತೋರಿಸಿದ. ಮರುವರ್ಷವೇ ಲೈನ್ಸ್ ಬ್ರದರ್ಸ್ ಎಂಬ ದೊಡ್ಡ ಸಂಸ್ಥೆ ಅವನ ಉದ್ಯಮವನ್ನು ಕೊಂಡುಕೊಂಡಿತು. ಅಮೆರಿಕದ ಅರೋರಾ ಕಂಪನಿಯವರು 1960ರಲ್ಲಿ ಇನ್ನೂ ಕಿರಿದಾದ, ಜೇಬಿನಲ್ಲಿ ಅಡಗುವಂಥ ಕಾರುಗಳನ್ನು ಹೊರತಂದರು. ಜರ್ಮನಿಯ ಕರೇರಾ ಎಂಬ ಇಂಥದೇ ಆಟ 1963ರಲ್ಲಿ ಬಂದಿತು. 2009ರಲ್ಲಿ ಜೇಮ್ಸ್ ಮೇ ಎಂಬ ಇಂಗ್ಲೆಂಡಿನ ದೂರದರ್ಶನ ನಿರೂಪಕ, ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಹಿಂದೆ ಇದ್ದ ನಿಜವಾದ ಪಂದ್ಯದ ರಸ್ತೆಯನ್ನು ಅನುಸರಿಸಿ ಸುಮಾರು ಮೂರು ಮೈಲಿ ಉದ್ದದ ಆಟಿಕೆ ಹಾದಿಯನ್ನು ಹಾಕಿಸಿ ಕಾರು ಓಡಿಸಿದನಂತೆ! ಅಷ್ಟುದ್ದದ ಪಟ್ಟಿಯನ್ನು ಒರೆಸಿದವರು ಯಾರಿದ್ದಾರು ಎಂದು ನನಗೆ ಇಂದಿಗೂ ಕುತೂಹಲವಿದೆ.

ನನ್ನ ಆಟದ ಪೆಟ್ಟಿಗೆ ಇಂಗ್ಲೆಂಡಿನಲ್ಲಿ ನೆಲಸಿರುವ ಬಂಧುವೊಬ್ಬರ ಮಕ್ಕಳು ಆಡಿ ಬಿಟ್ಟದ್ದು. ಮೂವತ್ತೆರಡರಲ್ಲಿ ಒಂದಂಶದ ಅಳತೆಯ ಎರಡು ಕಾರುಗಳು, ಒಂದಿಷ್ಟು ಹಾದಿ, ಕಬ್ಬಿಣದ ತಿರುಳಿನ ಒಂದು ಹಳೆಯ ಟ್ರಾನ್ಸ್‌ಫಾರ್ಮರು. ಈ ಟ್ರಾನ್ಸ್‌ಫಾರ್ಮರು ಮನೆಗೆ ಬರುವ ವೋಲ್ಟೇಜು ಇಳಿದಂತೆ ತಾನೂ ಇಳಿಯುವ ಸ್ವಭಾವದ್ದಾದುದರಿಂದ, ಬಯಲಿನ ಪಂಪ್‌ಸೆಟ್ಟುಗಳೆಲ್ಲ ಏಕಕಾಲದಲ್ಲಿ ಗುಡುಗತೊಡಗಿದ ಹೊತ್ತಿನಲ್ಲಿ ನನ್ನ ಫೆರಾರಿಯೂ ಹೊರೆ ಹೊತ್ತ ಟ್ರಾಕ್ಟರಿನ ಗಾಂಭೀರ್ಯವನ್ನು ತಾಳುತ್ತದೆ. 1902ರಲ್ಲಿ ನಮ್ಮ ಕಾವೇರಿಯ ಶಿವನಸಮುದ್ರದ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿತೆಂಬುದು ನಮ್ಮ ಜಿಲ್ಲೆಯ ಹೆಮ್ಮೆಯಷ್ಟೆ. ಆ ಮಹಾಪ್ರವಾಹದ ಕುಲದ ಒಂದೆಳೆ ಹನ್ನೆರಡು ವೋಲ್ಟಿಗೆ ತಗ್ಗಿ, ನನ್ನ ಮೇಜಿನ ಮೇಲೆ ಇಷ್ಟು ಕ್ಷುದ್ರವಾದ ಚಾಕರಿಯನ್ನು ಮಾಡುತ್ತಿರುವುದಕ್ಕೆ ನನಗೆ ಕೊಂಚ ಸಂಕೋಚವೂ ಉಂಟು.

ಹಾದಿಯನ್ನು ನಾನು ಎಂಟರ ಅಂಕಿಯ ಆಕಾರದಲ್ಲಿ ಹಾಕಿದ್ದೇನೆ. ಬರಿಯ ಅಂಡಾಕಾರದಲ್ಲಿ ಒಳಜಾಡಿನವನಿಗೆ ದೂರ ಕಡಿಮೆ, ಹೊರಜಾಡಿನವನಿಗೆ ಹೆಚ್ಚು. ಎಂಟರಲ್ಲಾದರೋ ಒಂದು ಕುಣಿಕೆಯಲ್ಲಿ ಒಳಗಿದ್ದವನು ಮತ್ತೊಂದರಲ್ಲಿ ಹೊರಗಾಗುವುದರಿಂದ ಪಕ್ಷಪಾತದ ಮಾತೇ ಇಲ್ಲ. ನೇರದಾರಿಯ ತುದಿಯಲ್ಲಿ ಥಟ್ಟನೆ ಬಾಗುವ ಒಂದು ಮೂಲೆಗೆ ಮಕ್ಕಳು ಕರಿಘಟ್ಟದ ತಿರುವೆಂದು ಹೆಸರಿಟ್ಟಿದ್ದಾರೆ. ಲೋಕಪಾವನಿಯ ದಡದಿಂದ ಬೆಟ್ಟವನ್ನು ಬಳಸಿಕೊಂಡು ಶ್ರೀನಿವಾಸನ ಗುಡಿಯವರೆಗೆ ಏರುವ ರಸ್ತೆಯಲ್ಲಿ ವಾಹನ ನಡೆಸಿದವರಿಗೆ ಈ ಹೆಸರಿನ ಔಚಿತ್ಯ ತಿಳಿದೀತು.

ಆಟದ ರಸವೆಲ್ಲ ಈ ತಿರುವಿನಲ್ಲಿದೆ. ನೇರದಾರಿಯಲ್ಲಿ ಗುಂಡಿಯೊತ್ತಲು ಯಾರಿಗಾದರೂ ಬರುತ್ತದೆ. ತಿರುವಿಗೆ ಮೊಳದಷ್ಟು ದೂರವಿರುವಾಗಲೇ ಬೆರಳನ್ನು ಸಡಿಲಿಸಿ, ಕಾರು ಬಾಗಿನ ನಡುವನ್ನು ತಲುಪುತ್ತಿದ್ದಂತೆ ಮತ್ತೆ ಮೆಲ್ಲನೆ ಒತ್ತತೊಡಗುವವನೇ ಗೆಲ್ಲುವವನು. ವೇಗ ಇಮ್ಮಡಿಯಾದರೆ ಕಾರನ್ನು ಜಾಡಿನಿಂದ ಹೊರಗೆಸೆಯುವ ಪ್ರವೃತ್ತಿ ನಾಲ್ಮಡಿಯಾಗುತ್ತದೆಂಬ ಭೌತಶಾಸ್ತ್ರದ ಸೂತ್ರವನ್ನು ಶಾಲೆಯಲ್ಲಿ ಒಲ್ಲದೆ ಕಲಿತ ಹುಡುಗರು ಇಲ್ಲಿ ಬೆರಳ ತುದಿಯಿಂದ ಗ್ರಹಿಸುತ್ತಾರೆ. ಇತ್ತೀಚಿನ ಕಾರುಗಳ ಹೊಟ್ಟೆಯಲ್ಲಿ ಅಯಸ್ಕಾಂತವೊಂದನ್ನು ಕೂರಿಸಿರುತ್ತಾರೆ; ಅದು ಉಕ್ಕಿನ ಪಟ್ಟಿಗಳನ್ನು ಸೆಳೆದುಕೊಂಡು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಆರಂಭಿಕರಿಗೆ ಇದು ಉಪಕಾರಿ, ನಿಜ. ಆದರೆ ಕೈ ಪಳಗಿದ ಮೇಲೂ ಅದನ್ನು ಉಳಿಸಿಕೊಳ್ಳುವುದು ರಸಹೀನತೆಯೆಂಬುದು ನನ್ನ ಖಚಿತವಾದ ಅಭಿಪ್ರಾಯ. ಅಯಸ್ಕಾಂತವನ್ನು ತೆಗೆದಾಗ ಕಾರಿನ ಹಿಂಭಾಗ ತಿರುವಿನಲ್ಲಿ ನಯವಾಗಿ ಜಾರಿ, ಇನ್ನೇನು ತಪ್ಪಿತು ಎನ್ನುವಷ್ಟರಲ್ಲಿ ಮತ್ತೆ ನೆಟ್ಟಗಾಗುವ ಆ ಲಾಸ್ಯವನ್ನು ಒಮ್ಮೆ ಕಂಡವರು ಹಿಂದಿರುಗಿ ಅಯಸ್ಕಾಂತದ ಆಸರೆಯನ್ನು ಬಯಸಲಾರರು.

ಪಂದ್ಯವಾದರೋ ಕೆಲವು ನಿಮಿಷಗಳ ವಿಷಯ. ಉಳಿದ ಸಂಜೆಯೆಲ್ಲ ಶುಶ್ರೂಷೆ. ಈ ಶುಶ್ರೂಷೆಯನ್ನು ಬೇಸರದ ಕೆಲಸವೆಂದು ಭಾವಿಸುವವರಿಗೆ ಈ ಆಟ ದಕ್ಕುವುದಿಲ್ಲ. ಮೊದಲು ಹಾದಿ. ಸವೆದು ಮೆತ್ತಗಾದ, ನೂಲು ಬಿಡದ ಹಳೆಯ ಪಂಚೆಯ ತುಂಡಿನಿಂದ ಪಟ್ಟಿಗಳನ್ನು ಉದ್ದಕ್ಕೂ ಒರೆಸಬೇಕು. ಕರಿ ಅಂಟಿಕೊಂಡಿದ್ದರೆ ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ತುಸುವೇ ನೆನೆಸಿಕೊಳ್ಳಬಹುದು. ಉಪ್ಪುಕಾಗದದಿಂದ ಉಜ್ಜಿ ಹೊಳಪು ತರುವ ಆಸೆ ಸಹಜವಾದರೂ ಅನರ್ಥಕಾರಿ: ಪಟ್ಟಿಯ ಮೇಲಿನ ತೆಳುವಾದ ಲೇಪ ಗೀಚಿಹೋದಲ್ಲಿ ತುಕ್ಕು ಬೇಗ ಮನೆಮಾಡುತ್ತದೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರಂತೂ ಹತ್ತಿರವೇ ಸುಳಿಯಕೂಡದು. ಅದರ ಎಳೆಗಳು ಮೋಟಾರಿನ ಅಯಸ್ಕಾಂತಕ್ಕೆ ಹತ್ತಿಕೊಂಡರೆ ಬಿಡಿಸುವುದು ದುಸ್ಸಾಧ್ಯ. ನಾಲೆಗೆ ನೀರು ಬಿಟ್ಟು ಗದ್ದೆಗಳೆಲ್ಲ ತುಂಬಿ ಗಾಳಿ ತೇವಗೊಳ್ಳುವ ದಿನಗಳಲ್ಲಿ, ಹಾದಿಯನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವುದಾದರೆ, ಹೊಸ ಚೀಲಗಳೊಡನೆ ಬರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ನಡುನಡುವೆ ಇರಿಸುವುದು ಕ್ಷೇಮ. ಬೇಸಗೆಯಲ್ಲಿ ಹೆಂಚಿನ ಕೆಳಗಿನ ಅಟ್ಟದ ಮೇಲೆ ಇಟ್ಟರೆ ಪ್ಲಾಸ್ಟಿಕ್ಕು ಬಾಗಿ, ತುಂಡುಗಳ ನಾಲಿಗೆಗಳು ಒಂದಕ್ಕೊಂದು ಸರಿಯಾಗಿ ಕೂಡವು. ಕೂಡದ ಸಂಧಿಗಳಲ್ಲಿ ಪ್ರವಾಹ ಕುಂಠಿತವಾಗುತ್ತದೆ. ಕಾರು ಟ್ರಾನ್ಸ್‌ಫಾರ್ಮರಿನ ಬಳಿ ಚುರುಕಾಗಿಯೂ ದೂರದ ಮೂಲೆಯಲ್ಲಿ ಸೋಮಾರಿಯಾಗಿಯೂ ಕಂಡರೆ ದೋಷ ಮೋಟಾರಿನದಲ್ಲ, ಇಂಥ ಸಂಧಿಗಳದು. ಆ ದೂರದ ತುಂಡಿಗೆ ಪ್ರತ್ಯೇಕವಾಗಿ ತಂತಿ ಎಳೆದು ಪ್ರವಾಹ ಮುಟ್ಟಿಸಿದರೆ ರೋಗ ವಾಸಿಯಾಗುತ್ತದೆ.

ಅನಂತರ ಕಾರು. ಕುಂಚಗಳು ಚಪ್ಪಟೆಯಾಗಿ, ತುದಿ ಕೊಂಚ ಕೆದರಿ, ಪಟ್ಟಿಯನ್ನು ಮೃದುವಾಗಿ ಮುಟ್ಟುತ್ತಿರಬೇಕು; ಅತಿಯಾಗಿ ಕೆಳಕ್ಕೆ ಬಾಗಿಸಿದರೆ ಅವು ಮೂತಿಯನ್ನೇ ಎತ್ತಿ ಅಲಗನ್ನು ಸೀಳಿನಿಂದ ಹೊರಗೆಳೆಯುತ್ತವೆ. ಹಿಂದಿನ ಚಕ್ರಗಳ ರಬ್ಬರಿಗೆ ಹತ್ತಿದ ಧೂಳನ್ನು ತೆಗೆಯಲು ಅಂಟುಪಟ್ಟಿಯನ್ನು ಅಂಟು ಮೇಲಾಗಿ ಹಾಸಿ ಅದರ ಮೇಲೆ ಉರುಳಿಸುವುದು ಅತ್ಯುತ್ತಮ. ಚಕ್ರದ ಅಚ್ಚಿಗೆ ತಲೆಗೂದಲೂ ಹತ್ತಿಯ ಎಳೆಯೂ ಸುತ್ತಿಕೊಂಡಿರುತ್ತವೆ, ಚಿಮುಟದಿಂದ ಬಿಡಿಸಬೇಕು. ಜಮಖಾನದ ಮೇಲೆ ಹಾದಿ ಹಾಸುವವರಿಗೆ ಈ ಕಾಟ ದಿನನಿತ್ಯದ್ದು. ಹಾಸುವುದಾದರೆ ಮೇಜು, ಇಲ್ಲವೇ ಸಾರಿಸಿದಂತಿರುವ ಬರಿ ನೆಲ. ಎಣ್ಣೆಯ ವಿಷಯದಲ್ಲಿ ಜಿಪುಣತನವೇ ಧರ್ಮ: ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ತೆಗೆದುಕೊಂಡು ಅಚ್ಚು ತಿರುಗುವ ತಾಣಗಳಿಗೆ ಒಂದೊಂದು ಬಿಂದು, ಅಷ್ಟೆ. ಕೊಬ್ಬರಿ ಎಣ್ಣೆ ಮಾಗಿಯ ಚಳಿಗೆ ಹೆಪ್ಪುಗಟ್ಟುವುದರಿಂದ ಸಲ್ಲದು. ಚಕ್ರದ ರಬ್ಬರಿಗೋ ಕುಂಚಕ್ಕೋ ಎಣ್ಣೆ ತಗುಲಿದರೆ ಒರೆಸಿ ತೆಗೆಯುವವರೆಗೆ ಓಟದ ಮಾತೆತ್ತುವಂತಿಲ್ಲ.

ಗದ್ದೆಗೆ ಹೋಗುವ ದಾರಿಯಲ್ಲಿ ಕಿಟಕಿಯಿಂದ ಇಣುಕಿದ ನೆರೆಯವರೊಬ್ಬರು, “ಏನ್ ಸ್ವಾಮಿ, ಈ ವಯಸ್ನಲ್ಲೂ ಮಕ್ಳಾಟವೇ?” ಎಂದು ನಕ್ಕರು. ಒಳಗೆ ಕರೆದು ಹಿಡಿಯನ್ನು ಕೈಗಿತ್ತೆ. ಮೊದಲ ಸುತ್ತಿನಲ್ಲಿಯೇ ಅವರ ಕಾರು ಕರಿಘಟ್ಟದ ತಿರುವಿನಿಂದ ಹಾರಿ ಗೋಡೆಗೆ ಬಡಿಯಿತು. “ತಾತ, ಬೆರಳು ಬಿಡ್ಬೇಕು!” ಎಂದು ನನ್ನ ಮೊಮ್ಮಗಳು ಅವರಿಗೆ ಉಪದೇಶಿಸಿದಳು. ಅಂದು ಅವರ ಗದ್ದೆಗೆ ನೀರು ತಿರುಗಿಸುವ ಕೆಲಸ ತಡವಾಯಿತೆಂದು ಆಮೇಲೆ ತಿಳಿಯಿತು.

ಹೊಸದಾಗಿ ತೊಡಗುವವರಿಗೆ ಹೇಳಬಯಸುವುದು ಸ್ವಲ್ಪವೇ. ಉದ್ದವಾದ ಹಾದಿಯ ದೊಡ್ಡ ಪೆಟ್ಟಿಗೆಯನ್ನು ಮೊದಲೇ ಕೊಳ್ಳಬೇಡಿ. ಮೇಜಿಗೆ ಹಿಡಿಸುವಷ್ಟು ಹಾದಿ, ಒಂದೇ ಬಗೆಯ ಎರಡು ಕಾರು ಸಾಕು, ಏಕೆಂದರೆ ಕಾರುಗಳು ಸಮಬಲದವಾಗಿದ್ದರೆ ಮಾತ್ರ ಸೋತವನಿಗೆ ನೆಪ ಸಿಗುವುದಿಲ್ಲ. ನಿಮ್ಮ ಮನೆಯಲ್ಲೋ ಬಂಧುಗಳ ಮನೆಯಲ್ಲೋ ಓಡದೆ ನಿಂತ ಇಂಥ ಹಳೆಯ ಪೆಟ್ಟಿಗೆಯೊಂದು ಬಿದ್ದಿದ್ದರೆ, ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಪಟ್ಟಿಗಳನ್ನು ಒರೆಸಿ, ಕುಂಚಗಳನ್ನು ಕೆದರಿ, ಅಚ್ಚಿಗೊಂದು ಬಿಂದು ಎಣ್ಣೆ ಹಾಕಿ ನೋಡಿ. ಬಹುಮಟ್ಟಿಗೆ ಅದರ ಮೋಟಾರು ಕೆಟ್ಟಿರುವುದಿಲ್ಲ.