ಹೆಬ್ಬಾತಿನ ತವರು

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುವುದೂ, ಮುಂಡಗೋಡದ ಟಿಬೆಟಿಯನ್ನರು ಹುಬ್ಬಳ್ಳಿಗೆ ಬಂದು ಸ್ವೆಟರ್ ಅಂಗಡಿ ಹಾಕುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ದೀಪಾವಳಿ ಕಳೆದು, ಬೆಳಗಿನ ಗಾಳಿಗೆ ತುಟಿ ಒಡೆಯತೊಡಗಿದಾಗ. ಇವೆರಡಕ್ಕೂ ನಂಟಿದೆ ಎಂದು ಹುಡುಗನಾಗಿದ್ದಾಗ ನನಗೆ ಹೊಳೆದಿರಲಿಲ್ಲ.

ಅಜ್ಜನ ಹೊಲ ಕೆರೆಗೆ ಹತ್ತಿರ. ಹಗಲೆಲ್ಲ ನೀರಿನ ಮೇಲೆ ತೂಕಡಿಸುತ್ತಿದ್ದ ಬಾತುಗಳು ಕತ್ತಲಾದ ಮೇಲೆ ಕಡಲೆ ಹೊಲಕ್ಕೆ ನುಗ್ಗುತ್ತಿದ್ದವು. ಬೂದು ಮೈ, ಬಿಳಿ ತಲೆ, ಅದರ ಹಿಂಬದಿಗೆ ಮಸಿ ಅದ್ದಿದ ಬೆರಳಲ್ಲಿ ಎಳೆದಂತೆ ಎರಡು ಕಪ್ಪು ಪಟ್ಟೆ. ಅಜ್ಜ ಬೈಯುತ್ತಿದ್ದ, ಓಡಿಸುತ್ತಿರಲಿಲ್ಲ. ‘ಎಲ್ಲಿಂದ ಬರ್ತಾವಜ್ಜಾ ಇವು?’ ಎಂದು ಕೇಳಿದರೆ, ‘ಬಡಗಲ ದಿಕ್ಕಿಂದ. ಅದರಾಚಿಗಿಂದು ನಂಗ ಗೊತ್ತಿಲ್ಲೋ ತಮ್ಮಾ’ ಎನ್ನುತ್ತಿದ್ದ.

ಅದರಾಚೆಗಿನದು ಗೊತ್ತಿದ್ದವರು ಸ್ವೆಟರ್ ಅಂಗಡಿಯ ಮುದುಕಿ. ಅಕ್ಕಪಕ್ಕದವರೆಲ್ಲ ಅವರನ್ನು ‘ಅಮಾಲಾ’ ಎಂದು ಕರೆಯುತ್ತಿದ್ದರು. ಅದು ಅವರ ಮಾತಿನಲ್ಲಿ ಅಮ್ಮನವರು ಎಂದಂತೆ. ಒಂದು ವರ್ಷ, ಕಂದು ಸ್ವೆಟರಿನ ತೋಳು ಅಳೆಯುವಾಗ ನಾನು ಬಾತಿನ ಸುದ್ದಿ ತೆಗೆದೆ. ಅವರು ಎರಡು ಬೆರಳನ್ನು ನೆತ್ತಿಯ ಹಿಂದೆ ಅಡ್ಡ ಹಿಡಿದು, ‘ಹಿಂಗ?’ ಎಂದರು. ನಾನು ಹೂಂಗುಟ್ಟಿದೆ. ‘ಙಂಗ್ಪಾ!’ ಎಂದರು. ನಮ್ಮ ವರ್ಣಮಾಲೆಯಲ್ಲಿ ಉದ್ಯೋಗವಿಲ್ಲದೆ ಕೂತಿರುವ ಙ ಅಕ್ಷರಕ್ಕೂ ಎಲ್ಲೋ ಒಂದು ಕಡೆ ಕೆಲಸವಿದೆ ಎಂದು ತಿಳಿದದ್ದು ಅವತ್ತು. ‘ನಮ್ಮೂರಾಗ ಮೊಟ್ಟಿ ಇಡ್ತದ. ದೊಡ್ಡ ನೀರು, ನಡುವ ನೆಲ ಇರ್ತದಲ್ಲ, ಅಲ್ಲಿ. ನಾವು ಮುಟ್ಟಂಗಿಲ್ಲ’ ಎಂದು ಹೇಳಿ, ಬಾತು ಕೂಗುವ ಹಾಗೆ ಮೂಗಿನಲ್ಲೇ ಕೂಗಿ ತೋರಿಸಿದರು. ಅಪ್ಪ ಚೌಕಾಸಿ ಮರೆತದ್ದು ನನಗೆ ತಿಳಿದಂತೆ ಅದೊಂದೇ ಸಲ.

ಚಳಿ ಇಳಿದರೆ ಅಮಾಲಾ ಗಂಟು ಕಟ್ಟಿ ಮುಂಡಗೋಡದ ಬಸ್ಸು ಹತ್ತುತ್ತಿದ್ದರು. ಬಾತುಗಳು ಮಾರ್ಚಿನಲ್ಲಿ ಅವರ ಊರಿನ ಕಡೆಗೆ ಹೊರಡುತ್ತಿದ್ದವು.

ಎರಡು ಮೂರು ಕಿಲೋ ತೂಗುವ ಈ ಹಕ್ಕಿ 7,000 ಮೀಟರ್‌ಗೂ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹ ಸಾಧನ ಕಟ್ಟಿ ದಾಖಲಿಸಿದ್ದಾರೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದವು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡದ್ದುಂಟು. ನಾವು ಬೆರಗಿನಿಂದ ಬರೆಯುವುದೆಲ್ಲ ಈ ಹಾರಾಟವನ್ನೇ. ಇಷ್ಟೆಲ್ಲ ಪಡಿಪಾಟಲು ಯಾತಕ್ಕೆ ಎಂದರೆ ಮೊಟ್ಟೆಯಿಟ್ಟು ಮರಿ ಮಾಡಲು, ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋದಂತೆ. ನಮ್ಮ ಕೆರೆ ಅವಕ್ಕೆ ಚಳಿಗಾಲದ ಬಿಡಾರ, ಅಷ್ಟೆ. ತವರು ಟಿಬೆಟ್, ಮಂಗೋಲಿಯಾ, ಲಡಾಖ್‌ಗಳ ಜೌಗುನೆಲ.

ಆ ತವರುಗಳಲ್ಲೊಂದನ್ನು ನೋಡಲು ಒಂದು ಜೂನ್ ತಿಂಗಳಲ್ಲಿ ಲಡಾಖಿನ ತ್ಸೋ ಕರ್‌ಗೆ ಹೋದೆ. ಹೆಸರಿನ ಅರ್ಥ ಬಿಳಿ ಸರೋವರ. ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರ್ ಮೇಲೆ, ದಡದ ತುಂಬ ಉಪ್ಪಿನ ಹೆಪ್ಪು. ಚಂಗ್‌ಪಾ ಕುರಿಗಾಹಿಗಳು ಹಿಂದೆ ಇಲ್ಲಿಂದಲೇ ಉಪ್ಪು ಹೇರಿಕೊಂಡು ವ್ಯಾಪಾರಕ್ಕೆ ಹೋಗುತ್ತಿದ್ದರು. ಸುತ್ತಲಿನ ಗುಡ್ಡಗಳ ಮೈಮೇಲೆ, ಈಗಿನ ನೀರಿಗಿಂತ ಎಷ್ಟೋ ಎತ್ತರದಲ್ಲಿ, ಹಳೆಯ ದಡದ ಗೆರೆಗಳು ಮೆಟ್ಟಿಲಿನಂತೆ ಕಾಣುತ್ತವೆ. ಪಕ್ಕದಲ್ಲೇ ಸ್ತರ್ತ್ಸಪುಕ್ ತ್ಸೋ ಎಂಬ ಸಿಹಿನೀರಿನ ಸಣ್ಣ ಸರೋವರ, ಹುಲ್ಲು ಜೌಗು.

ದುರ್ಬೀನಿನಲ್ಲಿ ಒಂದು ಗೂಡು ಸಿಕ್ಕಿತು. ಗೂಡೆಂದರೆ ನೆಲದಲ್ಲೊಂದು ತಗ್ಗು, ಸುತ್ತ ಹುಲ್ಲುಕಡ್ಡಿ. ಹೆಣ್ಣು ಅರ್ಧ ಎದ್ದು, ಕೊಕ್ಕಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ಹೊರಳಿಸಿತು. ನಾಲ್ಕೋ ಐದೋ. ಆಮೇಲೆ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಅವುಗಳ ಸುತ್ತ ತುರುಕಿ, ಮೆಲ್ಲನೆ ಕೂತಿತು. ಹೀಗೆ ತಿಂಗಳ ಹತ್ತಿರ ಕೂರಬೇಕು. ಗಂಡು ಸ್ವಲ್ಪ ದೂರದಲ್ಲಿ ಕತ್ತು ನೀಳ ಮಾಡಿ ನಿಂತಿತ್ತು. ಅಮಾಲಾ ಹೇಳಿದ ನಡುವಿನ ನೆಲ ಇದೇ.

ಆದರೆ ಆ ನೆಲ ಈಗ ನಡುವಿನಲ್ಲಿರಲಿಲ್ಲ. ನೀರು ಹಿಂದೆ ಸರಿದು, ದಡದಿಂದ ಗೂಡಿನವರೆಗೆ ಕೆಸರಿನದೊಂದು ಕಾಲುದಾರಿ ಬಿದ್ದಿತ್ತು. ‘ನಾನು ಸಣ್ಣವನಿದ್ದಾಗ ಇದು ದ್ವೀಪ’ ಎಂದ ಡ್ರೈವರ್. ಸಂಜೆ ಮೂರು ನಾಯಿಗಳು ಅದೇ ದಾರಿಯಲ್ಲಿ, ಅವಸರವೇ ಇಲ್ಲದೆ, ಒಂದರ ಹಿಂದೆ ಒಂದು ನಡೆದು ಹೋದವು. ಬೆಳಿಗ್ಗೆ ತಗ್ಗಿನ ಸುತ್ತ ತುಪ್ಪಳ ಹರಡಿತ್ತು. ಒಂದೆಳೆ ಗಾಳಿಗೆ ಬಂದು ನಮ್ಮ ಜೀಪಿನ ಕನ್ನಡಿಗೆ ಅಂಟಿತು.

ಹೆಬ್ಬಾತಿನ ಕುಲವೇ ಅಳಿಯುತ್ತಿದೆ ಎಂದು ನಾನು ಗೋಳಾಡುತ್ತಿಲ್ಲ. 2005ರಲ್ಲಿ ಚೀನಾದ ಛಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸುಮಾರು 6,000 ಕಾಡುಹಕ್ಕಿಗಳು ಸತ್ತಾಗ ಅವುಗಳಲ್ಲಿ ದೊಡ್ಡ ಪಾಲು ಪಟ್ಟೆತಲೆಯವೇ ಆಗಿದ್ದವು. ಅದನ್ನೂ ದಾಟಿ ಬಂದ ಗಟ್ಟಿ ಜೀವ ಇದು. ಹೋಗುತ್ತಿರುವುದು ಬಾಣಂತಿಕೋಣೆಯ ಮೌನ. ಮರಿ ಬಂದ ಮೇಲೆ, ಬೇಸಿಗೆಯ ನಡುವೆ, ತಾಯಿತಂದೆಗಳ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೇ ಉದುರುತ್ತವೆ. ಹಿಮಾಲಯ ದಾಟಿದ ಹಕ್ಕಿಗೆ ಕೆಲವು ವಾರ ಒಂದು ಮೊಳ ಮೇಲೇಳಲೂ ಆಗದು. ಆಗ ಅದಕ್ಕೆ ನೀರೊಂದೇ ಕೋಟೆ. ಆ ಕೋಟೆಯ ಅಂಚಿಗೇ ಈಗ ಡೇರೆ, ಜನರೇಟರ್, ಹುಲ್ಲಿನ ಮೇಲೇ ಓಡಾಡುವ ಗಾಡಿಗಳು. ಎಂಜಲು ಇದ್ದಲ್ಲಿ ನಾಯಿ. ಮೊಟ್ಟೆ ಮುಟ್ಟದೆ ಕುರಿ ಮೇಯಿಸಿದ ಚಂಗ್‌ಪಾ ಕುಟುಂಬಗಳಲ್ಲಿ ಎಷ್ಟೋ ಹಿಂಡು ಮಾರಿ ಲೇಹ್‌ನ ಅಂಚಿಗೆ ಬಂದು ನೆಲೆಸಿವೆ. ಮಕ್ಕಳಿಗೆ ಶಾಲೆ ಬೇಕು, ಅವರನ್ನು ದೂರುವ ಹಾಗಿಲ್ಲ.

ತ್ಸೋ ಕರ್ 2020ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು, ನಮ್ಮ ಮಾಗಡಿ ಕೆರೆ 2024ರಲ್ಲಿ. ಎರಡು ಕಡೆಯೂ ಫಲಕದ ಮೇಲೆ ಅದೇ ಹಕ್ಕಿಯ ಚಿತ್ರ ಬರೆಯಬಹುದು. ಅಜ್ಜ ಇಲ್ಲ. ಅಮಾಲಾ ಕೂತಿರುತ್ತಿದ್ದ ಜಾಗದಲ್ಲಿ ಈಗ ಮೊಬೈಲಿನ ಕವರ್ ಮಾರುತ್ತಾರೆ. ಅವರು ಮುಂಡಗೋಡದಲ್ಲೇ ತೀರಿಕೊಂಡರು ಎಂದು ಪಕ್ಕದ ಅಂಗಡಿಯವರು ಹೇಳಿದರು. ದುರ್ಬೀನಿನಲ್ಲಿ ಕಂಡದ್ದನ್ನು ಹೇಳಿಕೊಳ್ಳಲು ನಾನು ಹೋದದ್ದು ತಡವಾಗಿತ್ತು.

ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬೈಕೇರಿ ಲೇಹ್‌ಗೆ ಹೊರಡುವ ಹುಡುಗರು ನಮ್ಮಲ್ಲಿ ಈಗ ಬಹಳ. ಜೂನ್, ಜುಲೈನಲ್ಲಿ ತ್ಸೋ ಕರ್‌ಗೆ ಹೋದರೆ ಗಾಡಿಯನ್ನು ರಸ್ತೆಯಿಂದ ಹುಲ್ಲಿಗೆ ಇಳಿಸಬೇಡಿ. ಉಳಿದ ಚಪಾತಿಯನ್ನು ಕರುಣೆಯಿಂದ ನಾಯಿಗೆ ಹಾಕಬೇಡಿ, ಗಂಟು ಕಟ್ಟಿ ಲೇಹ್‌ಗೆ ವಾಪಸ್ ತನ್ನಿ.