ಒಂದೇ ಕಡ್ಡಿ

ಮನುಷ್ಯನ ಯೋಗ್ಯತೆ ಅಳೆಯಲು ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ಇತ್ತು. ಬಚ್ಚಲ ಒಲೆ ಹೊತ್ತಿಸಲು ಅವನಿಗೆ ಎಷ್ಟು ಕಡ್ಡಿ ಬೇಕು ಅನ್ನುವುದೇ ಆ ಪರೀಕ್ಷೆ. ಒಂದೇ ಕಡ್ಡಿಯಲ್ಲಿ ಹೊತ್ತಿಸಿದರೆ ಪಾಸು. ಎರಡಾದರೆ ಅಮ್ಮ ಏನೂ ಹೇಳುತ್ತಿರಲಿಲ್ಲ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಮೂರಾದರೆ, "ಬಿಡು ಮಾರಾಯ, ನೀ ಪ್ಯಾಟೆಗೇ ಹೋಗು. ಅಲ್ಲಿ ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರ್ತದಂತೆ" ಅನ್ನುತ್ತಿದ್ದಳು.

ನಾನು ಮೂರು ಕಡ್ಡಿಯವನು. ಅಮ್ಮ ಹೇಳಿದ ಹಾಗೇ ಪೇಟೆಗೆ ಹೋದೆ. 1998ರಲ್ಲಿ ಪುಣೆಯ ಹತ್ತಿರ ಭೋಸರಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಲ್ಲಿಯಲ್ಲಿ ಬಿಸಿನೀರಿರಲಿ, ತಣ್ಣೀರೂ ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುತ್ತಿತ್ತು ಎನ್ನುವುದು ಬೇರೆ ಮಾತು.

ನಮ್ಮದು ಆಗುಂಬೆ ಕಡೆಯ ಹಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ್ದು ಅಂತ ಏನಾದರೂ ಇದ್ದರೆ ಅದು ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ. ಆ ಅಟ್ಟ ಅಮ್ಮನ ಖಜಾನೆ. ಮೇಲ್ಗಡೆ ಸೌದೆ, ಅದರ ಕೆಳಗೆ ಪುಳ್ಳೆ, ಒಂದು ಮೂಲೆಯಲ್ಲಿ ತೆಂಗಿನ ಕತ್ತ ಮತ್ತು ಅಡಿಕೆ ಸಿಪ್ಪೆ, ಇನ್ನೊಂದು ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಕಂದು ಬಣ್ಣದ, ಹಳೆಯ ಕಂಬಳಿಯ ಚೂರಿನಂಥ ಒಂದು ಪದಾರ್ಥ. ಬೈನೆ ಮರದ ಎಲೆಯ ಬುಡದಲ್ಲಿ, ಕಾಂಡಕ್ಕೆ ಕೂಡುವ ಕಡೆ ಕೆರೆದರೆ ಸಿಗುವ ನವಿರು ಅದು. ಕಿಡಿ ಬಿದ್ದರೂ ಸಾಕು, ಉರಿಯದೆ ಒಳಗೊಳಗೇ ಕೆಂಡವಾಗುತ್ತದೆ. ಅದರ ಜೊತೆಗೆ ಬೂರುಗದ ಹತ್ತಿ ಒಂದಿಷ್ಟು. ಬೇಸಗೆಯಲ್ಲಿ ಬೂರುಗದ ಕಾಯಿ ಒಡೆದು ಅರಳೆ ಹಾರಾಡುವಾಗ ನಾವು ಮಕ್ಕಳು ಅದರ ಹಿಂದೆ ಓಡುತ್ತಿದ್ದೆವು. ಅಮ್ಮ ಅದನ್ನು ಬಾಚಿ ಡಬ್ಬಿಗೆ ತುಂಬುತ್ತಿದ್ದಳು. ಆಟ ನಮ್ಮದು, ಮಳೆಗಾಲದ ಚಿಂತೆ ಅವಳದು.

ಇದೆಲ್ಲ ಇಪ್ಪತ್ತು ವರ್ಷ ಕಣ್ಣೆದುರೇ ನಡೆದಿತ್ತು. ಆದರೂ ನಾನು ಏನೂ ನೋಡಿರಲಿಲ್ಲ ಎಂದು ಗೊತ್ತಾಗಿದ್ದು 2003ರ ಜುಲೈಯಲ್ಲಿ, ರಾಜಗಡದ ಇಳಿಜಾರಿನಲ್ಲಿ.

ಪುಣೆಗೆ ಹೋದವರಿಗೆ ಮೊದಲು ಹತ್ತುವ ಚಟ ಮಿಸಳ್ ಪಾವ್, ಎರಡನೆಯದು ಕೋಟೆ ಹತ್ತುವುದು. ಪುಣೆಯಿಂದ 50–60 ಕಿ.ಮೀ. ದೂರದ ರಾಜಗಡ ರಾಯಗಡಕ್ಕಿಂತ ಮೊದಲು ಶಿವಾಜಿ ಮಹಾರಾಜರ ರಾಜಧಾನಿಯಾಗಿದ್ದ ಕೋಟೆ. ನಾವು ಐದು ಜನ ಹೋಗಿದ್ದೆವು. ಅದರಲ್ಲಿ ನನ್ನ ರೂಮಿನ ಧಾರವಾಡದ ಹುಡುಗನೊಬ್ಬ. ಬಯಲುಸೀಮೆಯ ಮಳೆ ನೋಡಿದವನು, ರೇನ್‌ಕೋಟೂ ತಂದಿರಲಿಲ್ಲ. ನಾನು ಮಲೆನಾಡಿನ ಗತ್ತಿನಲ್ಲಿ, "ಇದು ಯಾವ ಮಳೆಯೋ, ನಮ್ಮೂರಲ್ಲಿ ಇದಕ್ಕೆ ಹನಿ ಅಂತೀವಿ" ಎಂದಿದ್ದೆ.

ಗುಂಜವಣೆ ಹಳ್ಳಿಯ ಕಡೆ ಇಳಿಯುವಾಗ ಮಂಜು ಮುಸುಕಿತು, ದಾರಿ ತಪ್ಪಿತು, ಮೂರು ಗಂಟೆ ಕಾಲ ಗಾಳಿಮಳೆಯಲ್ಲಿ ಸುತ್ತಿದೆವು. ಹುಡುಗ ಮೊದಲು ಗಡಗಡ ನಡುಗುತ್ತಿದ್ದ. ಆಮೇಲೆ ನಡುಕ ನಿಂತಿತು. ಚಳಿ ಕಡಿಮೆಯಾಯಿತೇನೋ ಎಂದುಕೊಂಡೆವು. ಹಾಗಲ್ಲ, ನಡುಕ ನಿಂತರೆ ಮೈಯ ಕಾವು ಕೈಬಿಡುತ್ತಿದೆ ಎಂದು ಅರ್ಥ ಅಂತ ಆಮೇಲೆ ತಿಳಿಯಿತು. ಅವನ ತುಟಿ ನೀಲಿಯಾಗಿ ಮಾತು ತೊದಲತೊಡಗಿತು. "ಸ್ವಲ್ಪ ಮಲಗ್ತೇನ್ರಿ" ಎಂದು ದಾರಿಯಲ್ಲೇ ಕೂತುಬಿಟ್ಟ.

ಹತ್ತಿರದಲ್ಲಿ ಒಂದು ಗುಡಿಸಲು ಸಿಕ್ಕಿತು. ಬೇಸಗೆಯಲ್ಲಿ ಚಾರಣದವರಿಗೆ ಮಜ್ಜಿಗೆ ಮಾರುವ ಜಾಗ ಇರಬೇಕು, ಯಾರೂ ಇರಲಿಲ್ಲ. ಹುಡುಗನನ್ನು ಸೂರಿನ ಕೆಳಗೆ ಕೂರಿಸಿ ಎಲ್ಲರೂ ನನ್ನ ಮುಖ ನೋಡಿದರು. ನಾನು ತಾನೇ ಮಲೆನಾಡಿನವನು! ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಬೆಂಕಿಪೊಟ್ಟಣ ನನ್ನ ಬಳಿ ಇತ್ತು. ಅದರಲ್ಲಿ ಏಳು ಕಡ್ಡಿ. ನೆಲದಿಂದ ಕೊಂಬೆ, ತರಗೆಲೆ ಬಾಚಿ ತಂದು ಗುಡ್ಡೆ ಹಾಕಿ ಕಡ್ಡಿ ಗೀರಿದೆ. ಹೊಗೆ ಬಂತು, ಬೆಂಕಿ ಬರಲಿಲ್ಲ. ಎರಡು, ಮೂರು, ನಾಲ್ಕು. ಜೇಬಿನ ಬಸ್ ಟಿಕೆಟ್ಟು, ಹತ್ತು ರೂಪಾಯಿ ನೋಟು ಎಲ್ಲ ಹಚ್ಚಿದೆ. ಆರನೆಯ ಕಡ್ಡಿ ಕೈಯಲ್ಲೇ ಮುರಿಯಿತು.

ಆಗ ಕೆಳಗಿನ ವಾಡಿಯಿಂದ ಎಮ್ಮೆ ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. ತಲೆ ಮೇಲೆ ಗೋಣಿಯ ಕೊಪ್ಪೆ, ಥೇಟು ನಮ್ಮೂರಿನ ಹಾಗೆ. ನನ್ನ ಗುಡ್ಡೆಯನ್ನು ನೋಡಿ ಕಾಲಿನಿಂದ ಒದ್ದು ಚೆಲ್ಲಿದಳು. "ಖಾಲಚಂ ನಕೋ, ವರಚಂ ಘೇ!" ಅಂದಳು. ಕೆಳಗಿಂದು ಬೇಡ, ಮೇಲಿಂದು ತಗೋ. ತಾನೇ ಕೈ ಚಾಚಿ ಸೂರಿನ ಒಳಪದರದಿಂದ ಒಂದು ಹಿಡಿ ಹುಲ್ಲು ಎಳೆದಳು. ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗಿನ ಹುಲ್ಲು ಗರಿಗರಿ. ಗೋಡೆಗೆ ಹೆಣೆದಿದ್ದ ಕಾರವಿ ಗಳಗಳಲ್ಲಿ ನಾಲ್ಕನ್ನು ಕಿತ್ತು, ಉದ್ದಕ್ಕೆ ಸೀಳಿ, ಕಡ್ಡಿಯಷ್ಟು ಸಣ್ಣಗೆ ಮುರಿದಳು. ಹುಲ್ಲನ್ನು ಅಂಗೈಯಲ್ಲಿ ತಿಕ್ಕಿ ಹಕ್ಕಿ ಗೂಡಿನ ಹಾಗೆ ಮಾಡಿದಳು. ಇಷ್ಟು ಮಾಡುವಾಗಲೂ ಕಡ್ಡಿ ಕೇಳಲಿಲ್ಲ. ಎಲ್ಲ ಜೋಡಿಸಿ ಆದ ಮೇಲೆ ಕೈ ಚಾಚಿದಳು. ಉಳಿದಿದ್ದ ಒಂದೇ ಕಡ್ಡಿ ಕೊಟ್ಟೆ. ಗಾಳಿಗೆ ಬೆನ್ನು ಕೊಟ್ಟು ಕೂತು, ಗೂಡಿನ ಕೆಳಭಾಗಕ್ಕೆ ಹಿಡಿದಳು. ಹೊತ್ತಿತು.

ಆಮೇಲೆ ನಮ್ಮನ್ನೆಲ್ಲ ಬೈಯುತ್ತಾ ಹುಡುಗನ ಒದ್ದೆ ಬಟ್ಟೆ ಬಿಚ್ಚಿಸಿದಳು, ವಾಡಿಗೆ ಮೊಮ್ಮಗನನ್ನು ಓಡಿಸಿ ಕಂಬಳಿ ತರಿಸಿದಳು, ಬೆಲ್ಲದ ಚಹಾ ಕುಡಿಸಿದಳು. ಒಂದು ತಾಸಿನಲ್ಲಿ ಹುಡುಗ ಮತ್ತೆ ನಡುಗತೊಡಗಿದ. ಯಾರಾದರೂ ನಡುಗುವುದನ್ನು ನೋಡಿ ಅಷ್ಟು ಸಂತೋಷ ನನಗೆ ಎಂದೂ ಆಗಿಲ್ಲ. ಅವಳ ಮಾವನ ಕಾಲದಲ್ಲಿ ಕಡ್ಡಿಯೂ ಇರಲಿಲ್ಲವಂತೆ. ಸೊಂಟದ ಚೀಲದಲ್ಲಿ ಚಕಮಕಿ ಕಲ್ಲು, ಉಕ್ಕಿನ ತುಂಡು, ಸಾವರಿಯ ಹತ್ತಿ ಇಟ್ಟುಕೊಂಡೇ ದನ ಕಾಯಲು ಹೋಗುತ್ತಿದ್ದನಂತೆ. ಸಾವರಿ ಅಂದರೆ ಯಾವುದು ಎಂದು ಕೇಳಿದೆ. ಮುಳ್ಳಿನ ಮರ, ಕೆಂಪು ಹೂ ಅಂದಳು. ನಮ್ಮ ಬೂರುಗ!

ಆ ರಾತ್ರಿ ಪುಣೆಗೆ ಬಂದವನೇ ಎಸ್‌ಟಿಡಿ ಬೂತ್‌ನಿಂದ ಅಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಹುಡುಗ ಹುಷಾರಿದಾನಲ್ಲ?" ಅಂದಳು. ಆಮೇಲೆ, "ನೆಲದ್ದು ಎಂತಕ್ಕೆ ತಗೊಂಡೆ? ನೆಲದ ಮೇಲಿದ್ದಿದ್ದು ನೀರು ಕುಡಿದಿರ್ತದೆ. ಗಿಡದಲ್ಲೇ ನಿಂತು ಒಣಗಿದ್ದು ನೋಡ್ಬೇಕು. ಮುರಿದ್ರೆ ಟಕ್ ಅನ್ಬೇಕು. ಬಗ್ಗಿದ್ರೆ ಬಿಟ್ಟಾಕು" ಅಂದಳು. ಗುಂಜವಣೆಯ ಮುದುಕಿಗೂ ನಮ್ಮಮ್ಮನಿಗೂ ನಡುವೆ ನೂರಾರು ಮೈಲಿ, ಎರಡು ಭಾಷೆ. ಪಾಠ ಒಂದೇ.

ಅಂದಿನಿಂದ ನನಗೆ ಹೊಸ ಹುಚ್ಚು ಹಿಡಿಯಿತು. ಎಲ್ಲಿ ಹೋದರೂ, ಇಲ್ಲಿ ಯಾವುದು ಉರಿಯುತ್ತದೆ ಎಂದು ನೋಡುವುದು, ಅದರ ಮರಾಠಿ ಹೆಸರು ಕೇಳಿ ಕನ್ನಡದ ಹೆಸರಿನ ಪಕ್ಕ ಬರೆದುಕೊಳ್ಳುವುದು. ನಮ್ಮ ಎಕ್ಕ ಅಲ್ಲಿ ರುಈ. ಅದರ ಕಾಯಿಯೊಳಗಿನ ರೇಷ್ಮೆಯಂಥ ಎಳೆ ಭಪ್ಪೆಂದು ಹೊತ್ತಿ ಕಣ್ಣು ಮಿಟುಕಿಸುವುದರಲ್ಲಿ ಮಾಯವಾಗುತ್ತದೆ. ಬರೀ ಅದನ್ನು ನಂಬಿದರೆ ಕೆಟ್ಟಿರಿ, ನಾರಿನ ಜೊತೆ ಬೆರೆಸಬೇಕು. ಅದರ ಹಾಲು ಕಣ್ಣಿಗೆ ತಾಗಬಾರದು. ನಮ್ಮ ಕವಲು ಮರ ಅಲ್ಲಿ ಕುಂಭಾ. ಅದರ ತೊಗಟೆಯ ನಾರು ನಿಧಾನಕ್ಕೆ, ಆರದೆ ಉರಿಯುತ್ತದೆ. ಹಿಂದಿನ ಕಾಲದಲ್ಲಿ ಬತ್ತಿಕೋವಿಗಳಿಗೆ ಅದನ್ನೇ ಬತ್ತಿ ಮಾಡುತ್ತಿದ್ದರು. ಬೈನೆ ಅಲ್ಲಿ ಭೇರ್ಲಿ ಮಾಡ್. ನಮ್ಮ ಗುರಿಗೆಯ ಬಳಗದ ಕಾರವಿ ಎಂಟು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜವಾಗಿ, ಗುಡ್ಡಕ್ಕೆ ಗುಡ್ಡವೇ ಒಣಗುತ್ತದೆ. ಮುಂಬಯಿಯ ಬೊರಿವಲಿ ಕಾಡಿನಲ್ಲಿ 2008, 2016, 2024ರಲ್ಲಿ ಹೂ ಬಿಟ್ಟಿತ್ತು. ಮಲೆನಾಡಲ್ಲಿ ನಾವು ಕಮ್ಯುನಿಸ್ಟ್ ಗಿಡ ಅನ್ನುವುದಕ್ಕೆ ಅಲ್ಲಿಯವರು ರಾನ್‌ಮೋಡಿ, ಕಾಡು ಹಾಳು ಮಾಡುವುದು, ಎನ್ನುತ್ತಾರೆ. ಒಣಗಿದ ಅದರ ಕಡ್ಡಿ ಚಟಪಟ ಹೊತ್ತುತ್ತದೆ. ಅದೂ ಲಂಟಾನವೂ ಅಮೆರಿಕ ಖಂಡದ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟವು. ಪರಸ್ಥಳದವನಾದ ನಾನು ಅವನ್ನು ಬೈಯುವಾಗ ಸ್ವಲ್ಪ ಸಂಕೋಚವಾಗುತ್ತದೆ. ಎಲ್ಲವನ್ನೂ ಉರಿಸಬಾರದು ಎಂಬುದನ್ನೂ ಅಮ್ಮನೇ ಹೇಳಿದ್ದು. ಕಾಡುಗೇರು, ಹೊಲಗೇರು, ಕಣಗಿಲೆ ಒಲೆಗೆ ಹಾಕಿದರೆ ಹೊಗೆಯೇ ವಿಷ, ಮೈ ಮುಖ ಸುಟ್ಟ ಹಾಗೆ ಆಗುತ್ತದೆ.

2004ರ ಕೊನೆಗೆ ಅಮ್ಮ ಪುಣೆಗೆ ಬಂದಳು. ಫ್ಲಾಟಿನಲ್ಲಿ ಅವಳಿಗೆ ಮಾಡಲು ಕೆಲಸವಿಲ್ಲ, ಆಡಲು ಭಾಷೆಯಿಲ್ಲ. ಬೆಳಿಗ್ಗೆ ವೇತಾಳ ಟೇಕಡಿಗೆ ವಾಕಿಂಗ್ ಕರೆದುಕೊಂಡು ಹೋದರೆ ದಾರಿಯುದ್ದಕ್ಕೂ ಒಣ ಪುಳ್ಳೆ ಮುರಿದು ಮಡಿಲು ತುಂಬಿಕೊಂಡಳು. ಕಾವಲುಗಾರ ಓಡಿ ಬಂದು, "ಆಜಿ, ಸರ್ಪಣ್ ನೇವೂ ನಕಾ!" ಎಂದ. ಸೌದೆ ಒಯ್ಯಬೇಡಿ ಅಂತಾನೆ ಎಂದೆ. "ಇದು ಸೌದೆನಾ? ಸೌದೆ ಅಂದ್ರೆ ಎಂತ ಅಂತ ಇವಂಗೆ ಗೊತ್ತುಂಟಾ?" ಎಂದು ಅಷ್ಟನ್ನೂ ಅವನ ಕಾಲ ಬುಡದಲ್ಲಿ ಸುರಿದಳು. ಸಿಟ್ಟಿಗಲ್ಲ, ಮನೆಯಲ್ಲಿ ಒಲೆಯಿಲ್ಲ ಎಂಬುದು ಅವಳಿಗೆ ಆಗ ನೆನಪಾಗಿತ್ತು.

ಮಾರ್ಚಿಯಲ್ಲಿ ಹೋಳಿ ಬಂತು. ನಮ್ಮ ಸೊಸೈಟಿಯ ಅಂಗಳದಲ್ಲಿ ನಡುವೆ ಹರಳಿನ ಗಿಡ ನೆಟ್ಟು, ಸುತ್ತ ಬೆರಣಿ, ಕಟ್ಟಿಗೆ ಒಟ್ಟಿದ್ದರು. ಕಟ್ಟಿಗೆ ಆಗಷ್ಟೇ ಕಡಿದ ಗುಲ್‌ಮೊಹರ್, ಹಸಿ ಹಸಿ. ಕರ್ಪೂರ ಹಚ್ಚಿದರು, ಪೇಪರ್ ಹಚ್ಚಿದರು, ಹೊಗೆ ಮಾತ್ರ. ಒಬ್ಬ ಹುಡುಗ ಸ್ಕೂಟರಿನಿಂದ ಬಾಟಲಿಯಲ್ಲಿ ಪೆಟ್ರೋಲ್ ಇಳಿಸಿಕೊಂಡು ಬಂದ. ಸುತ್ತ ಮಕ್ಕಳು ಬಾಯಿಗೆ ಕೈ ಬಡಿದುಕೊಂಡು ಬೊಬ್ಬೆ ಹಾಕುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನುಗ್ಗಿ ಆ ಹುಡುಗನ ಮಣಿಕಟ್ಟು ಹಿಡಿದಿದ್ದಳು. "ಮಕ್ಕಳನ್ನ ಸುಡ್ತೀಯನಾ?" ಎಂದು ಶುದ್ಧ ಕನ್ನಡದಲ್ಲಿ ಕೇಳಿದಳು. ಅವನಿಗೆ ಅರ್ಥವಾಯಿತು.

ಅಮ್ಮ ಹಸಿ ಕಟ್ಟಿಗೆಯನ್ನೆಲ್ಲ ಈಚೆ ಎಳೆಸಿದಳು. ದೇವರ ಮುಂದೆ ಒಡೆದ ಕಾಯಿಗಳ ಸಿಪ್ಪೆ ತರಿಸಿ ನಾರು ಬಿಡಿಸಿದಳು. ಕಾಂಪೌಂಡಿನ ಬೇಲಿಯಲ್ಲಿ ನಿಂತೇ ಒಣಗಿದ್ದ ಲಂಟಾನ ಮುರಿಸಿದಳು. ಬೆರಣಿಯನ್ನು ಚೂರು ಮಾಡಿ ಗಾಳಿಯಾಡುವಂತೆ ಒರಗಿಸಿಟ್ಟಳು. ಎಲ್ಲ ಅರ್ಧ ಗಂಟೆ ಹಿಡಿಯಿತು. ಜನ ಚಡಪಡಿಸುತ್ತಿದ್ದರು, ನಾನು ಮಾತ್ರ ಕಡ್ಡಿ ಎಣಿಸಲು ಕಾಯುತ್ತಿದ್ದೆ. ಒಂದು. ಬೆಂಕಿ ಮೇಲೆದ್ದ ಮೇಲೆ ಹಸಿ ಕಟ್ಟಿಗೆಯನ್ನು ಒಂದೊಂದೇ ಸುತ್ತ ಇಡಿಸಿದಳು. ಆ ದಿನದಿಂದ ಅವಳು ಸೊಸೈಟಿಗೆಲ್ಲ 'ಕಾನಡೀ ಆಜಿ'. ಊರಿಗೆ ಹೊರಡುವವರೆಗೆ ಅವಳಿಗೆ ಮಾತಿಗೆ ಜನ ಕಡಿಮೆಯಾಗಲಿಲ್ಲ. ಆ ರಾತ್ರಿ ಎಲ್ಲರೂ ಹೋದ ಮೇಲೂ ಅವಳು ಅಲ್ಲೇ ಇದ್ದಳು. ಎರಡು ಬಕೆಟ್ ನೀರು ಹೊಯ್ಯಿಸಿ, ಬೂದಿ ಕಲಸಿ, ಮತ್ತೆ ಹೊಯ್ಯಿಸಿ, ಅಂಗೈ ಊರಿ ನೋಡಿದಳು. "ಕೈ ಇಡಕ್ಕೆ ಆಗ್ಬೇಕು. ಆಗ್ದೇ ಇದ್ರೆ ಬೆಂಕಿ ಇನ್ನೂ ಅಲ್ಲೇ ಉಂಟು ಅಂತ ಲೆಕ್ಕ" ಅಂದಳು.

ಹೊತ್ತಿಸುವ ವಿದ್ಯೆಯ ಬಗ್ಗೆ ಇಷ್ಟು ಬರೆದ ನಾನು ಆರಿಸುವ ಮಾತು ಮರೆತರೆ ಅಮ್ಮ ಮೆಚ್ಚುವುದಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಕಾಳ್ಗಿಚ್ಚಿಗೆ ಸಿಕ್ಕರು, 20ಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದಲ್ಲಿ ಸಾವಿರಾರು ಎಕರೆ ಹೊತ್ತಿ ಉರಿಯಿತು. ಒಣ ಹುಲ್ಲು, ಒಣ ಲಂಟಾನ, ಬೇಸಗೆಯ ಗಾಳಿ. ಒಲೆಗೆ ಯಾವುದು ಒಳ್ಳೆಯದೋ ಕಾಡಿಗೆ ಅದೇ ಯಮ. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಬೆಂಕಿ ಹಾಕುವುದು ಅಪರಾಧ. ಕುರಂಗಣಿಯ ಸುದ್ದಿ ಓದಿದ ಮೇಲೆ ನಾನು ಬೇಸಗೆಯಲ್ಲಿ ಗುಡ್ಡದ ಮೇಲೆ ಬೆಂಕಿ ಹಾಕಿಲ್ಲ. ಚೀಲದಲ್ಲಿ ಸಣ್ಣ ಗ್ಯಾಸ್ ಒಲೆ ಇರುತ್ತದೆ. ಅದರ ಕೆಳಗೆ ಒಂದು ಪುಟ್ಟ ಡಬ್ಬಿಯಲ್ಲಿ ಒಣ ನಾರು, ಬೂರುಗದ ಹತ್ತಿ, ಕಡ್ಡಿಪೆಟ್ಟಿಗೆ. ಅದು ಮಳೆಗಾಲಕ್ಕೆ, ನಡುಕ ನಿಂತವನಿಗೆ ಮಾತ್ರ.

ಅಮ್ಮ 2016ರಲ್ಲಿ ತೀರಿಕೊಂಡಳು. ಊರ ಮನೆಯಲ್ಲಿ ಈಗ ಸೋಲಾರ್ ಇದೆ. ಆದರೆ ಜುಲೈಯಲ್ಲಿ ನಮ್ಮ ಕಡೆ ಸೂರ್ಯನೇ ರಜೆ ಹಾಕುವುದರಿಂದ ಬಚ್ಚಲ ಒಲೆ ಉಳಿದಿದೆ. ಹೋದ ಮಳೆಗಾಲದಲ್ಲಿ ಹೋದಾಗ ಅತ್ತಿಗೆ ಹಾಲಿನ ಪ್ಯಾಕೆಟ್ಟಿನ ಕವರು ಹಚ್ಚಿ ಒಲೆ ಹೊತ್ತಿಸುತ್ತಿದ್ದರು. ಪ್ಲಾಸ್ಟಿಕ್ಕಿನ ಕಮಟು ವಾಸನೆ ಬಚ್ಚಲೆಲ್ಲ ತುಂಬಿತ್ತು. "ಅತ್ತಿಗೆ, ನಾಳೆ ನಾನು ಹೊತ್ತಿಸ್ತೇನೆ" ಎಂದೆ.

ಬೆಳಿಗ್ಗೆ ಬೇಗ ಎದ್ದು ಅಟ್ಟ ತಡಕಿದೆ. ಬಿಸ್ಕತ್ತಿನ ಡಬ್ಬಿ ಅದೇ ಮೂಲೆಯಲ್ಲಿ, ಮಸಿ ಹಿಡಿದು ಕೂತಿತ್ತು. ಮುಚ್ಚಳ ತೆಗೆಯಲು ಚಾಕು ಬೇಕಾಯಿತು. ಒಳಗೆ ಬೈನೆಯ ನವಿರು, ಒಣಗಿ ಹಗುರಾಗಿ, ಇನ್ನೂ ಹಾಗೇ ಇತ್ತು. ಅರ್ಧ ತೆಗೆದುಕೊಂಡೆ, ಅರ್ಧ ಬಿಟ್ಟೆ. ಕತ್ತ ಬಿಡಿಸಿದೆ, ಪುಳ್ಳೆ ಒಂದೊಂದೇ ಮುರಿದು ಟಕ್ ಅನ್ನುತ್ತದೆಯೇ ನೋಡಿದೆ. ಆತುರ ಮಾಡಲಿಲ್ಲ. ಮೊದಲ ಕಡ್ಡಿ ಥಂಡಿ ಹಿಡಿದಿತ್ತು, ಮದ್ದೇ ಉದುರಿತು. ಎರಡನೆಯದಕ್ಕೆ ಹೊತ್ತಿತು.

ಹೊಗೆ ನೋಡಿ ಅತ್ತಿಗೆ ಬಾಗಿಲಲ್ಲಿ ಬಂದು ನಿಂತರು. "ಎಷ್ಟು ಕಡ್ಡಿ ಆಯ್ತು?" ಎಂದು ಕೇಳಿದರು. ನಾನು ಎರಡು ಬೆರಳು ತೋರಿಸಿದೆ. ಅವರು ಏನೂ ಹೇಳಲಿಲ್ಲ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.